ಗುಂಪಿಗೆ ಸೇರದ ಸಂಖ್ಯೆ: ಮೊದಲು ಉಳಿದವಕ್ಕೆ ಹೆಸರಿಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು 'ಗುಂಪಿಗೆ ಸೇರದ ಸಂಖ್ಯೆ ಆರಿಸಿ' ಎಂಬ ಪ್ರಶ್ನೆಗಳ ಕುರಿತೇ ಇವೆ. ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಬರೆಯುವ ಎಂಟನೇ ತರಗತಿಯ ಮಕ್ಕಳಿಂದ ಹಿಡಿದು ಕೆಲಸಕ್ಕಾಗಿ ಪರೀಕ್ಷೆ ಬರೆಯುವವರ ತನಕ ಎಲ್ಲರನ್ನೂ ಇದು ಕಾಡುತ್ತದೆ. ಹಾಗಾಗಿ ಬೇರೆ ಪತ್ರಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು ಇವಕ್ಕೆ ಮಾತ್ರ ಉತ್ತರಿಸಿದ್ದೇವೆ. ಶಾಲೆಯ ಪುಸ್ತಕದ ಪದಗಳನ್ನೇ ಬಳಸಿದ್ದೇವೆ: ಒಂದು ಸಂಖ್ಯೆಯನ್ನು ಶೇಷ ಉಳಿಯದಂತೆ ಭಾಗಿಸುವುದು ಅದರ ಅಪವರ್ತನ, ಅದರ ಮಗ್ಗಿಯಲ್ಲಿ ಬರುವುದು ಅದರ ಅಪವರ್ತ್ಯ. ಸರಿಯಾಗಿ ಎರಡೇ ಅಪವರ್ತನ ಇರುವುದು ಅವಿಭಾಜ್ಯ, ಎರಡಕ್ಕಿಂತ ಹೆಚ್ಚಿರುವುದು ಸಂಯುಕ್ತ.

ಪ್ರಶ್ನೆ: 45, 28, 78, 63, 50. ಇದರಲ್ಲಿ ನಾನು 28 ಆರಿಸಿದೆ, ಅದು ಪರಿಪೂರ್ಣ ಸಂಖ್ಯೆ ಎಂಬ ಕಾರಣಕ್ಕೆ. ನನ್ನ ಗೆಳತಿ 50 ಎಂದಳು, ಸೊನ್ನೆ ಇರುವುದು ಅದರಲ್ಲಿ ಮಾತ್ರ. ಕೀ ಉತ್ತರದಲ್ಲಿ 78 ಎಂದಿದೆ. ನಮ್ಮದು ಯಾಕೆ ತಪ್ಪು?
– ಎಂಟನೇ ತರಗತಿ ವಿದ್ಯಾರ್ಥಿನಿ, ಬ್ರಹ್ಮಾವರ

ಉತ್ತರ: 78 ಸರಿ. ಐದನ್ನೂ ಅವಿಭಾಜ್ಯಗಳಾಗಿ ಒಡೆದು ಒಂದರ ಕೆಳಗೊಂದು ಬರೆದು ನೋಡಮ್ಮ.

45 = 3×3×5
28 = 2×2×7
63 = 3×3×7
50 = 5×5×2
78 = 2×3×13

ಯಾವ ಅವಿಭಾಜ್ಯ ಎಂಬುದನ್ನು ಮರೆತು, ಯಾವುದು ಎಷ್ಟು ಸಲ ಬಂದಿದೆ ಎಂಬುದನ್ನಷ್ಟೇ ನೋಡು. ಮೊದಲ ನಾಲ್ಕರಲ್ಲೂ ಒಂದು ಅವಿಭಾಜ್ಯ ಎರಡು ಸಲ, ಇನ್ನೊಂದು ಒಂದು ಸಲ ಬಂದಿದೆ. 78ರಲ್ಲಿ ಮೂರೂ ಬೇರೆ ಬೇರೆ. ಅಪವರ್ತನಗಳನ್ನು ಎಣಿಸಿದರೂ ಅದೇ ಸಿಗುತ್ತದೆ. ಪ್ರತಿ ಅವಿಭಾಜ್ಯ ಎಷ್ಟು ಸಲ ಬಂದಿದೆಯೋ ಅದಕ್ಕೆ 1 ಕೂಡಿಸಿ, ಬಂದ ಸಂಖ್ಯೆಗಳನ್ನು ಗುಣಿಸಬೇಕು. ಮೊದಲ ನಾಲ್ಕಕ್ಕೆ 3×2 = 6 ಅಪವರ್ತನಗಳು, 78ಕ್ಕೆ 2×2×2 = 8.

ಆ 1 ಕೂಡಿಸುವುದನ್ನೇ ಹೆಚ್ಚಿನವರು ಮರೆಯುತ್ತಾರೆ. ಯಾಕೆ ಕೂಡಿಸಬೇಕು ಎಂಬುದು ಗೊತ್ತಿದ್ದರೆ ಮರೆಯುವುದಿಲ್ಲ. 45ರ ಅಪವರ್ತನ ಕಟ್ಟುವಾಗ 3 ಅನ್ನು ಎರಡು ಸಲ ತೆಗೆದುಕೊಳ್ಳಬಹುದು, ಒಂದು ಸಲ ತೆಗೆದುಕೊಳ್ಳಬಹುದು, ತೆಗೆದುಕೊಳ್ಳದೆಯೂ ಇರಬಹುದು. ಒಟ್ಟು ಮೂರು ಬಗೆ. 5ಕ್ಕೆ ಎರಡು ಬಗೆ. 'ತೆಗೆದುಕೊಳ್ಳದಿರುವುದು' ಎಂಬ ಆಯ್ಕೆಯೇ ಆ 1.

ಈಗ ನಿಮ್ಮಿಬ್ಬರ ಉತ್ತರಕ್ಕೆ ಬರೋಣ. 28 ಪರಿಪೂರ್ಣ ಸಂಖ್ಯೆ ಎನ್ನುವುದು ನಿಜ, ಅಂದರೆ ಅದನ್ನು ಬಿಟ್ಟು ಉಳಿದ ಅಪವರ್ತನಗಳ ಮೊತ್ತ ಅದೇ ಸಂಖ್ಯೆ: 1+2+4+7+14 = 28. ಆದರೆ ಉಳಿದ ನಾಲ್ಕಕ್ಕೆ ಏನು ಹೆಸರು? 'ಪರಿಪೂರ್ಣ ಅಲ್ಲದವು' ಎಂದಷ್ಟೇ ಹೇಳಬಹುದು. 10,000ದ ಒಳಗೆ ಪರಿಪೂರ್ಣ ಸಂಖ್ಯೆಗಳಿರುವುದೇ ನಾಲ್ಕು: 6, 28, 496, 8128. ನಿನ್ನ ಕಾರಣವನ್ನು ಒಪ್ಪಿದರೆ, ಯಾವ ಗುಂಪಿನಲ್ಲಿ 28 ಕಂಡರೂ ಕಣ್ಣುಮುಚ್ಚಿ ಅದನ್ನೇ ಆರಿಸಬೇಕಾಗುತ್ತದೆ. ಗೆಳತಿಯ ಸೊನ್ನೆಯ ಕಥೆಯೂ ಇದೇ. ಪ್ರತಿ ಸಂಖ್ಯೆಯಲ್ಲೂ ಅದರದ್ದೇ ಆದ ಏನಾದರೊಂದು ವಿಶೇಷ ಇದ್ದೇ ಇರುತ್ತದೆ. ಅದನ್ನು ಹುಡುಕುತ್ತ ಹೋದರೆ ಐದೂ ಉತ್ತರವಾಗುತ್ತವೆ. ಹೆಸರಿಡಬೇಕಾದ್ದು ಹೊರಗೆ ನಿಂತ ಒಂದಕ್ಕಲ್ಲ, ಒಳಗಿರುವ ನಾಲ್ಕಕ್ಕೆ. ಆ ಹೆಸರಲ್ಲಿ 'ಅಲ್ಲ', 'ಇಲ್ಲ' ಎಂಬ ಮಾತು ಬಂದರೆ ಅನುಮಾನಪಡು.

ಮನೆಯಲ್ಲಿ ಚೆನ್ನೆಮಣೆ ಇದ್ದರೆ ಇದನ್ನು ಕೈಯಲ್ಲೇ ಮಾಡಿ ನೋಡಬಹುದು. ಅದನ್ನು ಆಡುವ ಆಟಿ (ಆಷಾಢದ ಹೊತ್ತಿನ ತುಳು ತಿಂಗಳು) ಬರಲೆಂದು ಕಾಯಬೇಕಾಗಿಲ್ಲ. 14 ಗುಳಿ, ಗುಳಿಗೆ 4ರಂತೆ 56 ಬೀಜ ಇರುತ್ತವೆ. 28 ಬೀಜ ತೆಗೆದು, ಒಂದೂ ಉಳಿಯದಂತೆ ಸಾಲುಸಾಲಾಗಿ ಆಯತ ಜೋಡಿಸು. 1×28, 2×14, 4×7 ಎಂದು ಮೂರು ಬಗೆಯ ಆಯತಗಳಷ್ಟೇ ಸಿಗುತ್ತವೆ. 45ಕ್ಕೂ ಮೂರು, 50ಕ್ಕೂ ಮೂರು. 63 ಮತ್ತು 78ಕ್ಕೆ ಒಂದು ಮಣೆಯ ಬೀಜ ಸಾಲದು, ಹುಣಸೆಬೀಜ ಸೇರಿಸಿಕೋ. 63ಕ್ಕೆ ಮತ್ತೆ ಮೂರೇ. 78ಕ್ಕೆ ಮಾತ್ರ 1×78, 2×39, 3×26, 6×13 ಎಂದು ನಾಲ್ಕು. ಒಂದೊಂದು ಆಯತಕ್ಕೆ ಎರಡೆರಡು ಅಪವರ್ತನ. 36ರಂಥ ವರ್ಗಸಂಖ್ಯೆಯಲ್ಲಿ 6×6 ಎಂಬ ಚೌಕ ಬರುತ್ತದೆ, ಅದರಿಂದ ಸಿಗುವುದು ಒಂದೇ ಅಪವರ್ತನ. ವರ್ಗಸಂಖ್ಯೆಗಳ ಅಪವರ್ತನಗಳ ಎಣಿಕೆ ಯಾವಾಗಲೂ ಬೆಸ ಬರುವುದು ಇದರಿಂದಲೇ. 36ಕ್ಕೆ 9.

ಪ್ರಶ್ನೆ: 51, 57, 61, 87, 91. ನನಗೆ ಎಲ್ಲವೂ ಅವಿಭಾಜ್ಯ ಎಂದೇ ಕಾಣುತ್ತವೆ. ಇಂಥವನ್ನು ಬೇಗ ಗುರುತಿಸುವುದು ಹೇಗೆ?
– ಬಿ.ಕಾಂ. ವಿದ್ಯಾರ್ಥಿ, ಕಂಕನಾಡಿ, ಮಂಗಳೂರು

ಉತ್ತರ: ಅವಿಭಾಜ್ಯದ ವೇಷ ಹಾಕಿದ ಸಂಖ್ಯೆಗಳಿವು. ಮಗ್ಗಿಯನ್ನು 10ಕ್ಕೆ ನಿಲ್ಲಿಸಿದವರಿಗೆ 51 ಸಿಗುವುದೇ ಇಲ್ಲ. 'ಹದಿನೇಳ್ ಮೂರ್ಲೆ ಐವತ್ತೊಂದು' ಎಂದು 20ರ ತನಕ ಬಾಯಿಪಾಠ ಮಾಡಿದವರಿಗೆ ಕೂಡಲೇ ಹೊಳೆಯುತ್ತದೆ. ಮಗ್ಗಿ ಬಾರದಿದ್ದರೂ ದಾರಿ ಇದೆ. ಅಂಕಿಗಳನ್ನು ಕೂಡಿಸಿ: 5+1 = 6, 5+7 = 12, 8+7 = 15. ಮೂರೂ 3ರಿಂದ ಭಾಗವಾಗುತ್ತವೆ. ಹಾಗಾಗಿ 51 = 3×17, 57 = 3×19, 87 = 3×29.

ಇಲ್ಲಿ ಹೊರಗೆ ಉಳಿದದ್ದು 61 ಮತ್ತು 91, ಎರಡು. ಎರಡು ಉಳಿದರೆ ನೀವು ಹಿಡಿದ ದಾರಿ ಪ್ರಶ್ನೆ ಕೇಳಿದವರದ್ದಲ್ಲ ಎಂದು ತಿಳಿಯಿರಿ. ಆ ಎರಡರಲ್ಲಿ ಒಂದನ್ನು ಊಹಿಸಿ ಗುರುತು ಹಾಕುವ ಮೊದಲು ಹೆಸರನ್ನು ಸ್ವಲ್ಪ ಹಿಗ್ಗಿಸಿ ನೋಡಿ. 91 = 7×13. ಈಗ 'ಸಂಯುಕ್ತ ಸಂಖ್ಯೆಗಳು' ಎಂಬ ಹೆಸರು ನಾಲ್ಕಕ್ಕೂ ಹೊಂದುತ್ತದೆ, 61 ಒಂದೇ ಅವಿಭಾಜ್ಯ. ಉತ್ತರ 61.

ಗುಂಪಿನಲ್ಲಿ 61 ಇಲ್ಲದೆ 51, 57, 87, 91 ಮಾತ್ರ ಇದ್ದಿದ್ದರೆ? ಆಗ ನಾಲ್ಕೂ ಸಂಯುಕ್ತಗಳೇ, ಆ ಹೆಸರಿನಿಂದ ಉಪಯೋಗವಿಲ್ಲ. '3ರ ಅಪವರ್ತ್ಯ' ಎಂಬುದು ಮೂರಕ್ಕೆ ಹೊಂದಿ 91 ಹೊರಗೆ ಹೋಗುತ್ತದೆ. ಅದೇ 91 ಮೊದಲ ಗುಂಪಿನಲ್ಲಿ ಒಳಗಿತ್ತು, ಎರಡನೆಯದರಲ್ಲಿ ಹೊರಗೆ ಬಂತು. ಸಂಖ್ಯೆಯೊಂದನ್ನು ಕಂಡ ಕೂಡಲೇ ಅದೇ ಉತ್ತರ ಎಂದು ನಿರ್ಧರಿಸಬಾರದು ಎನ್ನುವುದು ಇದಕ್ಕೇ.

ಒಂದು ಸಣ್ಣ ಪಟ್ಟಿ ನೆನಪಿದ್ದರೆ ಬಹಳ ಸಮಯ ಉಳಿಯುತ್ತದೆ. 100ರ ಒಳಗೆ 2, 3, 5ರಿಂದ ಭಾಗವಾಗದ ಸಂಯುಕ್ತ ಸಂಖ್ಯೆಗಳು ಮೂರೇ: 49, 77, 91. 100ರಿಂದ 200ರ ತನಕ ಏಳು: 119, 121, 133, 143, 161, 169, 187. ಈ ಹತ್ತು ಬಾಯಲ್ಲಿದ್ದರೆ 200ರ ತನಕ 2, 3, 5 ಮಾತ್ರ ಪರೀಕ್ಷಿಸಿದರೆ ಸಾಕು. ಅದರಾಚೆ 289ರ ಒಳಗಿನ ಸಂಖ್ಯೆಗೆ 7, 11, 13ನ್ನೂ ನೋಡಬೇಕು. 17×17 = 289 ಆದ್ದರಿಂದ ಅಲ್ಲಿಯವರೆಗೆ 17ರಿಂದ ಭಾಗಿಸುವ ಅಗತ್ಯವಿಲ್ಲ.

7ಕ್ಕೆ ಪರೀಕ್ಷೆ: ಕೊನೆಯ ಅಂಕಿಯನ್ನು ಎರಡರಿಂದ ಗುಣಿಸಿ, ಉಳಿದ ಭಾಗದಿಂದ ಕಳೆಯಿರಿ. 161ಕ್ಕೆ 16−2 = 14, ಭಾಗವಾಗುತ್ತದೆ. 119ಕ್ಕೆ 11−18 = −7, ಅದೂ ಸರಿ. ಇಲ್ಲಿ ಋಣ ಚಿಹ್ನೆ ಕಂಡು ಹೆದರಬೇಡಿ. 13ಕ್ಕೆ ಕೊನೆಯ ಅಂಕಿಯನ್ನು ನಾಲ್ಕರಿಂದ ಗುಣಿಸಿ ಕೂಡಿಸಬೇಕು: 221ಕ್ಕೆ 22+4 = 26.

ಪ್ರಶ್ನೆ: ತರಗತಿಯ ಕಿರುಪರೀಕ್ಷೆಗೆ 3, 9, 15, 21, 25 ಕೊಟ್ಟಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು 25. ಅರ್ಧ ಮಕ್ಕಳು 3 ಎಂದು ಬರೆದಿದ್ದಾರೆ. ಅಂಕ ಕೊಡಬೇಕೇ?
– ಪ್ರಾಥಮಿಕ ಶಾಲಾ ಶಿಕ್ಷಕಿ, ಉಡುಪಿ

ಉತ್ತರ: ಕೊಡಲೇಬೇಕು ಮೇಡಂ. 25 ಹೊರಗಿಟ್ಟರೆ ಉಳಿದ ನಾಲ್ಕೂ 3ರ ಅಪವರ್ತ್ಯಗಳು. 3 ಹೊರಗಿಟ್ಟರೆ ಉಳಿದ ನಾಲ್ಕೂ ಸಂಯುಕ್ತ ಸಂಖ್ಯೆಗಳು. ಎರಡೂ ನೇರವಾದ ಹೆಸರುಗಳೇ, ಯಾವುದರಲ್ಲೂ 'ಅಲ್ಲ' ಎಂಬುದಿಲ್ಲ.

ಇಂಥ ಕಡೆ ಯಾವ ಹೆಸರು ಹೆಚ್ಚು ಬಿಗಿ ಎಂದು ನೋಡುವುದು ವಾಡಿಕೆ. ಅಂದರೆ, ಅದೇ ವ್ಯಾಪ್ತಿಯ ಎಷ್ಟು ಸಂಖ್ಯೆಗಳಿಗೆ ಆ ಹೆಸರು ಹೊಂದುತ್ತದೆ ಎಂದು ಎಣಿಸಬೇಕು. ಕಡಿಮೆ ಸಂಖ್ಯೆಗಳಿಗೆ ಹೊಂದುವ ಹೆಸರಿಗೆ ಹೆಚ್ಚು ಬೆಲೆ. ನಿಮ್ಮ ಪ್ರಶ್ನೆಯಲ್ಲಿ ಅದೂ ಸಮನಾಗಿಬಿಟ್ಟಿದೆ! 1ರಿಂದ 25ರ ತನಕದ ಬೆಸ ಸಂಖ್ಯೆಗಳಲ್ಲಿ 3ರ ಅಪವರ್ತ್ಯಗಳು 3, 9, 15, 21, ನಾಲ್ಕೇ. ಸಂಯುಕ್ತಗಳು 9, 15, 21, 25, ಅವೂ ನಾಲ್ಕೇ. ಹಾಗಾಗಿ ಮಕ್ಕಳ ತಪ್ಪು ಇಲ್ಲಿಲ್ಲ.

ಸರಿಪಡಿಸಲು ಒಂದು ಸಂಖ್ಯೆ ಬದಲಾಯಿಸಿದರೆ ಸಾಕು. ಉತ್ತರ 25 ಆಗಬೇಕಿದ್ದರೆ 3 ತೆಗೆದು 27 ಹಾಕಿ: 9, 15, 21, 25, 27. ಈಗ ಎಲ್ಲವೂ ಸಂಯುಕ್ತ, 25 ಮಾತ್ರ 3ರ ಮಗ್ಗಿಯಲ್ಲಿ ಬಾರದು. ಉತ್ತರ 3 ಆಗಬೇಕಿದ್ದರೆ 21 ತೆಗೆದು 35 ಹಾಕಿ: 3, 9, 15, 25, 35. ಇಲ್ಲಿ 3ರ ಅಪವರ್ತ್ಯಗಳು ಮೂರು, 5ರ ಅಪವರ್ತ್ಯಗಳೂ ಮೂರು. ಯಾವುದೂ ನಾಲ್ಕನ್ನು ಕಟ್ಟಿಕೊಡುವುದಿಲ್ಲ.

ಪ್ರಶ್ನೆ ತಯಾರಿಸುವವರಿಗೆ ನಮ್ಮ ಸಲಹೆ: ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಐದು ಸಂಖ್ಯೆಗಳಲ್ಲಿ ಒಂದೊಂದನ್ನೇ ಕೈಯಿಂದ ಮುಚ್ಚಿ, ಉಳಿದ ನಾಲ್ಕಕ್ಕೆ ಸಮ–ಬೆಸ, ವರ್ಗ, ಘನ, 3ರಿಂದ 13ರ ತನಕದ ಅಪವರ್ತ್ಯ, ಅವಿಭಾಜ್ಯ–ಸಂಯುಕ್ತ ಎಂಬ ಹೆಸರುಗಳಲ್ಲಿ ಯಾವುದಾದರೂ ಹೊಂದುತ್ತದೆಯೇ ನೋಡಿ. ಐದು ಸಲ ಮುಚ್ಚಿದಾಗ ಒಂದೇ ಸಲ ಹೆಸರು ಸಿಗಬೇಕು. 2 ಎಂಬ ಸಂಖ್ಯೆಯ ಬಗ್ಗೆ ವಿಶೇಷ ಎಚ್ಚರ ಬೇಕು. 2, 3, 7, 9, 11 ಎಂದು ಕೊಟ್ಟರೆ 9 ಬಿಟ್ಟು ಉಳಿದವು ಅವಿಭಾಜ್ಯ, 2 ಬಿಟ್ಟು ಉಳಿದವು ಬೆಸ. ಈ ತಪ್ಪು ಅಚ್ಚಾದ ಮಾರ್ಗದರ್ಶಿಗಳಲ್ಲೂ ಸಿಗುತ್ತದೆ.

ಪ್ರಶ್ನೆ: ಮೊಮ್ಮಗನಿಗೆ 2008, 2016, 2022, 2024 ಕೊಟ್ಟೆ. ನಾಲ್ಕೂ ಉಡುಪಿ ಕೃಷ್ಣಮಠದ ಪರ್ಯಾಯ (ಪೂಜೆಯ ಹೊಣೆ ಮಠದಿಂದ ಮಠಕ್ಕೆ ಹೋಗುವ ಸರದಿ) ನಡೆದ ವರ್ಷಗಳು. 4ರಿಂದ ಭಾಗವಾಗದ 2022 ಉತ್ತರವೆಂದುಕೊಂಡಿದ್ದೆ. ಇದಕ್ಕಿಂತ ಗಟ್ಟಿ ಕಾರಣ ಇದೆಯೇ? ಇನ್ನೂ ಕಷ್ಟದ್ದೊಂದು ಮಾಡಿಕೊಡಿ.
– ನಿವೃತ್ತ ಓದುಗರು, ಉಡುಪಿ

ಉತ್ತರ: ನಿಮ್ಮ ಉತ್ತರ ಸರಿ, ಗಟ್ಟಿ ಕಾರಣವೂ ಇದೆ. ಉಳಿದ ಮೂರೂ 8ರ ಅಪವರ್ತ್ಯಗಳು. 1000 = 8×125 ಆದ್ದರಿಂದ 8ಕ್ಕೆ ಕೊನೆಯ ಮೂರು ಅಂಕಿ ನೋಡಿದರೆ ಸಾಕು: 008, 016, 024 ಭಾಗವಾಗುತ್ತವೆ, 022 ಇಲ್ಲ. ಪರ್ಯಾಯ ಎರಡು ವರ್ಷಕ್ಕೊಮ್ಮೆ ಸಮ ವರ್ಷದಲ್ಲೇ ಬರುವುದರಿಂದ ಸಮ–ಬೆಸ ಇಲ್ಲಿ ಉಪಯೋಗಕ್ಕೆ ಬಾರದು. ಒಳ್ಳೆಯ ಪ್ರಶ್ನೆಗೆ ಬೇಕಾದ್ದೂ ಅದೇ.

ಕಷ್ಟದ್ದು ಇಲ್ಲಿದೆ: 2008, 2024, 2032, 2040. ನಾಲ್ಕೂ 8ರ ಅಪವರ್ತ್ಯಗಳೇ. ಎಷ್ಟು 2ಗಳಿವೆ ಎಂದು ಬಿಡಿಸಿ ಎಣಿಸಬೇಕು. 8ರಿಂದ ಭಾಗಿಸಿದರೆ 251, 253, 254, 255. 254 ಮಾತ್ರ ಸಮ, ಅಂದರೆ 2032ರಲ್ಲಿ ನಾಲ್ಕು 2ಗಳು, ಉಳಿದವುಗಳಲ್ಲಿ ಮೂರೇ. ಮೊಮ್ಮಗನಿಗೆ ಇದನ್ನು ಹೀಗೂ ಹೇಳಬಹುದು: ಅಷ್ಟಮಠಗಳು ತಲಾ ಎರಡು ವರ್ಷದಂತೆ 16 ವರ್ಷಕ್ಕೊಂದು ಸುತ್ತು ಮುಗಿಸುತ್ತವೆ. ಒಂದೇ ಮಠಕ್ಕೆ ಸರದಿ ಬರುವ ವರ್ಷಗಳನ್ನು 16ರಿಂದ ಭಾಗಿಸಿದರೆ ಶೇಷ ಒಂದೇ ಇರುತ್ತದೆ. 2008ರಲ್ಲೂ 2024ರಲ್ಲೂ ಪುತ್ತಿಗೆ ಮಠದ ಪರ್ಯಾಯ, ಎರಡಕ್ಕೂ ಶೇಷ 8. 2040ಕ್ಕೂ 8 ಬರುತ್ತದೆ, 2032ಕ್ಕೆ 0.

ಪ್ರಶ್ನೆ: 143, 187, 209, 221, 253. ಮೂರಂಕಿಯ ಸಂಖ್ಯೆಯಲ್ಲಿ ಎರಡು ತುದಿಗಳ ಮೊತ್ತ ಮಧ್ಯದ ಅಂಕಿಗೆ ಸಮನಾದರೆ 11ರಿಂದ ಭಾಗವಾಗುತ್ತದೆ ಎಂದು ಕಲಿತಿದ್ದೇನೆ. ಅದರಂತೆ 209 ಮತ್ತು 221 ಎರಡೂ ಹೊರಗೆ ಹೋಗುತ್ತವೆ. ಅಲ್ಲದೆ ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ಪ್ರಶ್ನೆಪತ್ರಿಕೆಯಲ್ಲಿ ಅಂಕಿಗಳನ್ನು ಒಡೆಯಬಾರದು ಎಂದು ಬರೆದಿರುತ್ತದಲ್ಲ?
– ಓದುಗರು, ಸುರತ್ಕಲ್

ಉತ್ತರ: ನೀವು ಕಲಿತದ್ದು ಅರ್ಧ ನಿಯಮ. ತುದಿಗಳ ಮೊತ್ತದಿಂದ ಮಧ್ಯದ ಅಂಕಿ ಕಳೆದರೆ 0 ಬಂದರೂ ಸರಿ, 11 ಬಂದರೂ ಸರಿ. 209ಕ್ಕೆ 2+9−0 = 11, ಆದ್ದರಿಂದ ಅದು 11×19. 221ಕ್ಕೆ 2+1−2 = 1, ಭಾಗವಾಗದು. ಅದು 13×17. ಉತ್ತರ 221. 'ಎರಡು ಉಳಿದರೆ ದಾರಿ ತಪ್ಪು' ಎಂದು ಮೇಲೆ ಹೇಳಿದ್ದೇವೆ. ಇಲ್ಲಿ ದಾರಿ ಸರಿಯಿತ್ತು, ಪರೀಕ್ಷೆಯ ನಿಯಮ ಅರ್ಧ ಇತ್ತು. ಹಾಗಾಗಿ ಎರಡು ಉಳಿದಾಗ ಮೊದಲು ಆ ಎರಡನ್ನೂ ನೇರವಾಗಿ ಭಾಗಿಸಿ ನೋಡಿ, ಆಮೇಲೆ ದಾರಿ ಬದಲಾಯಿಸಿ.

ಐದನ್ನೂ ಒಡೆದು ನೋಡಿದರೆ ಒಂದೊಂದರಲ್ಲೂ ಎರಡೆರಡು ಅವಿಭಾಜ್ಯಗಳು, ಎಲ್ಲಕ್ಕೂ ನಾಲ್ಕೇ ಅಪವರ್ತನಗಳು. ಮೊದಲ ಪ್ರಶ್ನೆಯಲ್ಲಿ ಉಪಯೋಗಕ್ಕೆ ಬಂದ ಎಣಿಕೆ ಇಲ್ಲಿ ಏನನ್ನೂ ಹೇಳುವುದಿಲ್ಲ. ಎಣಿಕೆ ಸಮನಾಗಿದ್ದರೆ ಎಲ್ಲೆಡೆ ಮತ್ತೆ ಮತ್ತೆ ಬರುವ ಅವಿಭಾಜ್ಯ ಯಾವುದು ಎಂದು ಹುಡುಕಬೇಕು.

ಎಸ್‌ಎಸ್‌ಸಿಯ ಸೂಚನೆ ಸಂಖ್ಯೆಗಳ ನಡುವಿನ ಸಂಬಂಧಕ್ಕೆ ಸಂಬಂಧಿಸಿದ್ದು. 13 ಅನ್ನು 1 ಮತ್ತು 3 ಎಂದು ಒಡೆದು, ಅವುಗಳ ಮೇಲೆ ಲೆಕ್ಕ ಮಾಡಿ ಸಂಬಂಧ ಕಟ್ಟಬಾರದು ಎಂದು ಅದರ ಅರ್ಥ. 11ರಿಂದ ಭಾಗವಾಗುವುದು ಇಡೀ ಸಂಖ್ಯೆಯ ಗುಣ. ಅಂಕಿ ಕೂಡಿಸಿ ಕಳೆಯುವುದು ಅದನ್ನು ಬೇಗ ಕಂಡುಕೊಳ್ಳುವ ಉಪಾಯ ಅಷ್ಟೇ, ಅದಕ್ಕೆ ಅಡ್ಡಿಯಿಲ್ಲ. ಆದರೆ 'ಮೊದಲ ಅಂಕಿ 1 ಇರುವವು', 'ಅಂಕಿಗಳ ಗುಣಲಬ್ಧ ಸಮ ಇರುವವು' ಎಂಬಂಥ ಕಾರಣಗಳನ್ನು ಆ ಸೂಚನೆ ಇರುವ ಕಡೆ ಮೊದಲೇ ಬಿಟ್ಟುಬಿಡಿ.

ಪ್ರಶ್ನೆ: 20, 42, 56, 84, 90. 42, 56, 84 ಕಂಡು 7ರ ಮಗ್ಗಿ ಎಂದು ಹೊರಟೆ, 20 ಮತ್ತು 90 ಉಳಿದವು. ಅಪವರ್ತನ ಎಣಿಸಿದರೆ 6, 8, 8, 12, 12. ಅಲ್ಲೂ ದಾರಿ ಸಿಗಲಿಲ್ಲ.
– ಓದುಗರು, ಮಲ್ಪೆ

ಉತ್ತರ: ಎಣಿಕೆ ಬಿಡಿ, ಜೋಡಿಗಳನ್ನು ನೋಡಿ. ಪ್ರತಿ ಸಂಖ್ಯೆಗೂ ಒಂದಕ್ಕೊಂದು ಅತಿ ಹತ್ತಿರವಿರುವ ಎರಡು ಅಪವರ್ತನಗಳನ್ನು ಬರೆಯಿರಿ: 4×5, 6×7, 7×8, 7×12, 9×10. 84 ಒಂದನ್ನು ಬಿಟ್ಟರೆ ಎಲ್ಲವೂ ಅಕ್ಕಪಕ್ಕದ ಎರಡು ಸಂಖ್ಯೆಗಳ ಗುಣಲಬ್ಧ. ನಮ್ಮ ಕಡೆಯ ಹಳೆಯ ಅಳತೆಯಲ್ಲಿ ಅಕ್ಕಿಮುಡಿಗೆ 42 ಸೇರು, ಚೆನ್ನೆಮಣೆಗೆ 56 ಬೀಜ. ಎರಡೂ ಈ ಜಾತಿಯವೇ ಎಂದು ನೆನಪಿಟ್ಟುಕೊಂಡರೆ 6×7, 7×8 ಮರೆಯುವುದಿಲ್ಲ.

ದೊಡ್ಡ ಸಂಖ್ಯೆಗೆ ಜೋಡಿ ಹುಡುಕುವುದು ಕಷ್ಟವಾದರೆ, ನಾಲ್ಕರಿಂದ ಗುಣಿಸಿ 1 ಕೂಡಿಸಿ. ಬೆಸ ಸಂಖ್ಯೆಯ ವರ್ಗ ಬಂದರೆ ಅದು ಅಕ್ಕಪಕ್ಕದವುಗಳ ಗುಣಲಬ್ಧ. 42ಕ್ಕೆ 169, ಅಂದರೆ 13ರ ವರ್ಗ. 90ಕ್ಕೆ 361, 19ರ ವರ್ಗ. 84ಕ್ಕೆ 337 ಬರುತ್ತದೆ. 18ರ ವರ್ಗ 324, 19ರದ್ದು 361, ನಡುವೆ ಸಿಕ್ಕಿಕೊಂಡ 337 ವರ್ಗವಲ್ಲ.

ಇಂಥ ಪ್ರಶ್ನೆಯ ಅಣ್ಣತಮ್ಮಂದಿರು ಇನ್ನೂ ಇದ್ದಾರೆ. 8, 24, 48, 80 ಇವು 2×4, 4×6, 6×8, 8×10. ವರ್ಗಕ್ಕೆ ಒಂದು ಕಡಿಮೆ ಎಂದೂ ಇವನ್ನು ಗುರುತಿಸಬಹುದು: 9, 25, 49, 81.

ಪ್ರಶ್ನೆ: 1 ಅವಿಭಾಜ್ಯವೇ? ಮಗಳ ಪುಸ್ತಕದಲ್ಲಿ 1, 5, 7, 11ಕ್ಕೆ 1 ಎಂದು ಉತ್ತರ ಕೊಟ್ಟಿದ್ದಾರೆ.
– ಪೋಷಕರು, ಬಜಪೆ

ಉತ್ತರ: ಅಲ್ಲ. ಅವಿಭಾಜ್ಯಕ್ಕೆ ಸರಿಯಾಗಿ ಎರಡು ಅಪವರ್ತನ ಇರಬೇಕು, 1ಕ್ಕೆ ಇರುವುದು ಒಂದೇ. ಪುಸ್ತಕದ ಉತ್ತರ ಸರಿ.

ಪ್ರಶ್ನೆ: ಒಂದು ಪ್ರಶ್ನೆಗೆ ಎಷ್ಟು ಹೊತ್ತು ಕೊಡಬಹುದು? ಎರಡು ಉತ್ತರದ ನಡುವೆ ಸಿಕ್ಕಿಹಾಕಿಕೊಂಡರೆ ಏನು ಮಾಡುವುದು?
– ಪರೀಕ್ಷಾರ್ಥಿ, ಮಣಿಪಾಲ

ಉತ್ತರ: ಎನ್‌ಎಂಎಂಎಸ್‌ನ ಮಾನಸಿಕ ಸಾಮರ್ಥ್ಯ ಪತ್ರಿಕೆಯಲ್ಲಿ 90 ಪ್ರಶ್ನೆಗೆ 90 ನಿಮಿಷ, ಅಂದರೆ ಒಂದಕ್ಕೆ ಒಂದು ನಿಮಿಷ. ಎಸ್‌ಎಸ್‌ಸಿ ಸಿಜಿಎಲ್‌ನ (ಪದವೀಧರರಿಗಿರುವ ನೇಮಕಾತಿ ಪರೀಕ್ಷೆ) ಮೊದಲ ಹಂತದಲ್ಲಿ 100 ಪ್ರಶ್ನೆಗೆ 60 ನಿಮಿಷ, ಒಂದಕ್ಕೆ 36 ಸೆಕೆಂಡು. ಸಮ–ಬೆಸ, ವರ್ಗ–ಘನ, 3 ಮತ್ತು 9ಕ್ಕೆ ಅಂಕಿಗಳ ಮೊತ್ತ, ಇಷ್ಟಕ್ಕೆ ಮೊದಲ ಹತ್ತು ಸೆಕೆಂಡು ಸಾಕು. ಅಲ್ಲಿ ಸಿಗದಿದ್ದರೆ ಅವಿಭಾಜ್ಯಗಳಾಗಿ ಒಡೆದು ಬರೆಯಿರಿ. ಮನಸ್ಸಿನಲ್ಲೇ ಮಾಡಲು ಹೋದರೆ ಮೂರನೆಯದನ್ನು ಒಡೆಯುವಾಗ ಮೊದಲನೆಯದು ಮರೆತಿರುತ್ತದೆ. ಬರೆದ ಮೇಲೆ ಮೊದಲು ಆಕಾರ (ಅವಿಭಾಜ್ಯಗಳು ಎಷ್ಟೆಷ್ಟು ಸಲ ಬಂದಿವೆ ಎಂಬುದು), ನಂತರ ಎಲ್ಲೆಡೆ ಬರುವ ಅವಿಭಾಜ್ಯ, ಕೊನೆಗೆ ಹತ್ತಿರದ ಜೋಡಿ, ಈ ಕ್ರಮದಲ್ಲಿ ನೋಡಿ. ದೊಡ್ಡ ಸಂಖ್ಯೆಗಳಿದ್ದರೆ ಅತಿ ಚಿಕ್ಕದನ್ನು ಮೊದಲು ಒಡೆಯಿರಿ. ಅದರ ಅವಿಭಾಜ್ಯಗಳು ಎರಡೋ ಮೂರೋ ಇರುತ್ತವೆ. ಅವುಗಳಲ್ಲಿ ಯಾವುದು ಉಳಿದವನ್ನೂ ಭಾಗಿಸುತ್ತದೆ ಎಂದು ನೋಡುವುದು ಐದನ್ನೂ ಪೂರ್ತಿ ಒಡೆಯುವುದಕ್ಕಿಂತ ಬೇಗ ಆಗುತ್ತದೆ. ಚಿಕ್ಕದೇ ಹೊರಗಿನದ್ದಾಗಿದ್ದರೆ ಈ ದಾರಿ ಕೈಕೊಡುತ್ತದೆ, ಆಗ ಎರಡನೇ ಚಿಕ್ಕದರಿಂದ ಮತ್ತೆ ಆರಂಭಿಸಿ.

ಎರಡರ ನಡುವೆ ಸಿಕ್ಕಿಕೊಂಡಾಗ ಬಿಗಿಯಾದ ಹೆಸರು ಇರುವ ಕಡೆ ಗುರುತು ಹಾಕಿ. 'ಬೆಸ' ಮತ್ತು '7ರ ಅಪವರ್ತ್ಯ' ಎರಡೂ ಹೊಂದುತ್ತಿದ್ದರೆ 7ರ ಪಕ್ಷ ಹಿಡಿಯಿರಿ. ಎರಡರಲ್ಲಿ ಒಂದನ್ನು ಆರಿಸಲು ಕಾರಣ ಸಿಗದಿದ್ದರೂ ಬಿಟ್ಟುಬರುವುದಕ್ಕಿಂತ ಬರೆಯುವುದೇ ಲಾಭ. ಸಿಜಿಎಲ್‌ನಲ್ಲಿ ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ 0.50 ಕಡಿತ. ಎರಡರಲ್ಲೊಂದು ಖಂಡಿತ ಸರಿ ಎಂಬ ಸ್ಥಿತಿಯಲ್ಲಿ ಸರಾಸರಿ 0.75 ಅಂಕ ಕೈಗೆ ಬರುತ್ತದೆ. ಆದರೆ ಒಂದು ನಿಮಿಷ ಕಳೆದರೂ ನಾಲ್ಕು ಆಯ್ಕೆಯೂ ಹಾಗೆಯೇ ನಿಂತಿದ್ದರೆ ಗುರುತು ಮಾಡಿಕೊಂಡು ಮುಂದೆ ಹೋಗಿ, ಸಮಯ ಉಳಿದರೆ ಮರಳಿ ಬನ್ನಿ.